ಕಸಿನ್ಸ್ ಗುಂಪಿನ ಮೆಸೇಜು ದೊಡ್ಡೋರ ಗುಂಪಿಗೆ ಹೋದಾಗ

ತಪ್ಪು ನಂದೇ, ಮೊದ್ಲೇ ಒಪ್ಕೊಂಡ್ಬಿಡ್ತೀನಿ. ಪಲ್ಲವಿ ಕಸಿನ್ಸ್ ಗುಂಪಲ್ಲಿ ಹಾಕಿದ್ದನ್ನ ಫ್ರೆಂಡ್‌ಗೆ ಫಾರ್ವರ್ಡ್ ಮಾಡೋಕೆ ಹೋಗಿ ನಮ್ಮ ದೊಡ್ಡೋರೆಲ್ಲ ಇರೋ ಮನೆ ಗುಂಪಿಗೆ ಒತ್ತಿಬಿಟ್ಟೆ. ಡಿಲೀಟ್ ಮಾಡಿದೆ, ಆದ್ರೆ ಅಷ್ಟರಲ್ಲಿ ಮೈಸೂರು ದೊಡ್ಡಪ್ಪ ಕಾಪಿ ಮಾಡಿಟ್ಕೊಂಡಿದ್ರು, "ಇದು ಯಾಕೆ ಡಿಲೀಟ್ ಆಯ್ತು" ಅಂತ ಅವರೇ ಮತ್ತೆ ಹಾಕಿದ್ರು. ಪಲ್ಲವಿ 2024 ಆಗಸ್ಟ್‌ನಿಂದ ಮೆಕ್ಸಿಕೋದ ಪ್ವೆಬ್ಲಾ ಊರಲ್ಲಿ ಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತಿದಾಳೆ. ಅವಳು ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಆಗ ನಿದ್ದೇಲಿದ್ಲು. ಹಾಕಿದ್ದು ಇದು:

"ಗೈಸ್ ಕೇಳಿ. ರಜಾ ಸಿಕ್ತು, ಒಬ್ಳೇ ಹೊರಟೆ. ರಾತ್ರಿ ಹನ್ನೆರಡರ ಬಸ್ಸು, ಬೆಳಗಿನ ಜಾವ ವಹಾಕಾ ತಲುಪ್ತು (ಮ್ಯಾಪಲ್ಲಿರೋ ಥರ ಓಕ್ಸಾಕಾ ಅಂತ ಓದಿದ್ರೆ ನನ್ನ ಸ್ಟೂಡೆಂಟ್ಸ್ ಬಿದ್ದು ಬಿದ್ದು ನಗ್ತಾರೆ). ಅಲ್ಲಿಂದ ಸಮುದ್ರದ ಕಡೆಗೆ 2024 ಫೆಬ್ರವರಿಲಿ ಹೊಸ ಹೈವೇ ಆಗಿದೆ, ಮೂರು ಗಂಟೆ ಸಾಕಂತೆ, ಆದ್ರೆ ನಂಗೆ ಮೋಡದೊಳಗೆ ಇರೋ ಸಾನ್ ಹೊಸೆ ದೆಲ್ ಪಸಿಫಿಕೊ ಅನ್ನೋ ಹಳ್ಳಿ ನೋಡ್ಬೇಕಿತ್ತು, ಅದಕ್ಕೆ ಹಳೇ ಬೆಟ್ಟದ ರಸ್ತೆ ಹಿಡ್ದೆ. ಆಗುಂಬೆ ಘಾಟಿನ ತಿರುವು ಮುಗಿಯುತ್ತೆ, ಇದು ಮುಗಿಯಲ್ಲ. ಅರ್ಧ ದಾರೀಲಿ ರಸ್ತೆ ತಡೆ, ಇಲ್ಲಿ ಬ್ಲೊಕೇಯೊ ಅಂತಾರೆ, ನೀರು ಬಂದಿಲ್ಲ ಅಂತ ಊರೋರು ಮರದ ದಿಮ್ಮಿ ಅಡ್ಡ ಹಾಕಿ ಕೂತಿದಾರೆ. ಡ್ರೈವರ್ ಎಂಜಿನ್ ಆಫ್ ಮಾಡಿ 'ಅಓರೀತಾ' ಅಂದ. ಡಿಕ್ಷನರಿಲಿ ಅದಕ್ಕೆ 'ಈಗ್ಲೇ' ಅಂತ ಅರ್ಥ, ಇಲ್ಲಿ ಈಗ್ಲೇ ಇಂದ ನಾಳೆವರೆಗೂ ಏನ್ ಬೇಕಾದ್ರೂ ಆಗುತ್ತೆ. ಎರಡು ಗಂಟೆ ನೋಡಿ ಎಲ್ರೂ ಇಳಿದು ನಡೆಯೋಕೆ ಶುರು ಮಾಡಿದ್ರು, ತಡೆ ದಾಟಿದ್ರೆ ಆ ಕಡೆ ಬೇರೆ ಗಾಡಿ ಸಿಗುತ್ತಂತೆ. ನನ್ನ ಪಕ್ಕ ಒಬ್ಬಜ್ಜಿ, ಚೀಲದಲ್ಲಿ ಜೀವಂತ ಟರ್ಕಿ ಕೋಳಿ, ಕತ್ತು ಮಾತ್ರ ಹೊರಗೆ. ಸ್ವಲ್ಪ ಹಿಡ್ಕೋ ಮಗಳೇ ಅಂತ ಕೊಟ್ಬಿಟ್ರು. ನಾನು ಕೋಳೀನ ಎದೆಗವಚಿಕೊಂಡು ಎರಡು ಕಿಲೋಮೀಟರ್ ನಡೆದೆ, ಅದು ನನ್ನ ಕೈ ಮೇಲೆ ತಲೆ ಇಟ್ಕೊಂಡು ಮಲಗೇಬಿಡ್ತು. ಆಮೇಲೆ ಪಿಕಪ್ ಹಿಂದೆ ಕೂತು ಅಜ್ಜಿ ತಮಾಲ್ ಕೊಟ್ರು, ಜೋಳದ ಸಿಪ್ಪೇಲಿ ಸುತ್ತಿ ಬೇಯಿಸಿದ್ದು, ನಮ್ಮ ಕೊಟ್ಟೆ ಕಡುಬಿನ ಥರ, ಒಳಗೆ ಮೆಣಸಿನಕಾಯಿ ಮತ್ತೆ ಚೀಸ್, ಪಕ್ಕಾ ವೆಜ್ ಅಂತ ಎರಡು ತಿಂದೆ. ವಾಪಸ್ ಬಂದ್ಮೇಲೆ ಸ್ಟೂಡೆಂಟ್ ಹೇಳ್ತಾಳೆ, ಮಿಸ್, ಆ ಹಿಟ್ಟನ್ನ ಹಂದಿ ಕೊಬ್ಬು ಹಾಕಿ ನಾದೋದು ಅಂತ. ಅಮ್ಮಂಗೆ ಯಾರೂ ಹೇಳ್ಬೇಡಿ ಪ್ಲೀಸ್, ಕೊಲೀಗ್ಸ್ ಜೊತೆ ಬೆಳಗಿನ ಬಸ್ಸಲ್ಲಿ ಹೋಗಿದ್ದೆ ಅಂದಿದೀನಿ."

ಸಂಜೆ ಐದೂವರೆಗೆ ಶುರುವಾಯ್ತು.

ಮೈಸೂರು ದೊಡ್ಡಪ್ಪ: ಇದೇನಿದು. ಒಬ್ಳೇ ರಾತ್ರಿ ಬಸ್ಸಲ್ಲಿ ಮೆಕ್ಸಿಕೋದಲ್ಲಿ???

ಮೈಸೂರು ದೊಡ್ಡಪ್ಪ: (ವಿಡಿಯೋ) ಇದು ನೋಡಿ ಎಲ್ರೂ. ಹಾಡಹಗಲು ಗನ್ನು ಹಿಡ್ಕೊಂಡು ಓಡಾಡ್ತಿದಾರೆ, ಗಾಡಿ ಸುಡ್ತಿದಾರೆ.

ನಾನು: ದೊಡ್ಡಪ್ಪ ಅದು ಕುಲಿಯಾಕಾನ್, ಸಿನಲೋವಾ ರಾಜ್ಯ. ಪ್ವೆಬ್ಲಾದಿಂದ ಅಲ್ಲಿಗೆ ಸಾವಿರದ ಇನ್ನೂರು ಕಿಲೋಮೀಟರ್ ಮೇಲೆ, ಬೆಂಗಳೂರಿಂದ ನಾಗಪುರಕ್ಕಿಂತ ದೂರ

ಮೈಸೂರು ದೊಡ್ಡಪ್ಪ: ನೀನು ಮಾತಾಡ್ಬೇಡ. ನೀವೆಲ್ಲ ಸೇರಿ ಮುಚ್ಚಿಟ್ಟಿದೀರ.

ರೂಪಾ ಚಿಕ್ಕಮ್ಮ: ನಮ್ಮ ಲೇಔಟ್‌ನಲ್ಲಿ ಒಬ್ರು ಕೇಳಿದ್ರು, ನಿಮ್ಮ ಹುಡುಗಿ ಮೆಕ್ಸಿಕೋದಿಂದ ಗೋಡೆ ಹಾರಿ ಅಮೆರಿಕಾಗೆ ಹೋಗ್ತಾಳಾ ಅಂತ. ನಂಗೆ ಏನ್ ಹೇಳ್ಬೇಕೋ ತಿಳೀಲಿಲ್ಲ ಸುಮ್ನೆ ನಕ್ಕೆ

ನಾನು: ಚಿಕ್ಕಮ್ಮ ನಗೋದ್ಯಾಕೆ, ಕೆಲಸದ ವೀಸಾ, ರೆಸಿಡೆಂಟ್ ಕಾರ್ಡ್ ಎಲ್ಲ ಇದೆ ಅಂತ ಹೇಳ್ಬೋದಿತ್ತಲ್ಲ

ಹುಬ್ಬಳ್ಳಿ ಅತ್ತೆ: ಗನ್ನು ಗ್ವಾಡಿ ಎಲ್ಲಾ ಇರ್ಲಿ, ಆ ಹಂದಿ ಕೊಬ್ಬಿನ ಸುದ್ದಿ ಖರೇನ ಏನ?

(ಮೂವತ್ತು ವರ್ಷ ಆಯ್ತು ಅತ್ತೆ ಆ ಕಡೆ ಸೊಸೆಯಾಗಿ ಹೋಗಿ, ಮಾತೂ ಅಲ್ಲೀದೇ ಆಗಿದೆ.)

ರೂಪಾ ಚಿಕ್ಕಮ್ಮ: 😱😱 ಶ್ರಾವಣದಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆ ನಮ್ದು

ನಾನು: ಅವಳಿಗೆ ಗೊತ್ತಿರ್ಲಿಲ್ಲ ಅಂತ ಬರ್ದಿದಾಳಲ್ಲ. ಅಲ್ಲಿ ಬೀನ್ಸ್‌ಗೂ ಅದೇ ಕೊಬ್ಬು ಹಾಕ್ತಾರೆ, ಅನ್ನಕ್ಕೆ ಚಿಕನ್ ಸಾರಿನ ನೀರು, ಕೇಳಿದ್ರೆ ಕಾರ್ನೆ (ಮಾಂಸ) ಇಲ್ಲ ಅಂತಾರೆ, ಅವರ ಲೆಕ್ಕದಲ್ಲಿ ತುಂಡು ಕಾಣದಿದ್ರೆ ವೆಜ್ಜು

ಹುಬ್ಬಳ್ಳಿ ಅತ್ತೆ: ಹಂಗಾರ ಕೂಸು ಉಣ್ಣೂದು ಏನ ಅಲ್ಲೆ?

ನಾನು: ತೋರ್ತಿಯಾ ಅತ್ತೆ, ಅದರಲ್ಲಿ ಕೊಬ್ಬಿಲ್ಲ. ನಿಮ್ಮ ರೊಟ್ಟಿ ಥರಾನೇ, ಮುಸುಕಿನ ಜೋಳದ್ದು. ಕಾಳನ್ನ ಸುಣ್ಣದ ನೀರಲ್ಲಿ ಕುದಿಸಿ ಒಂದು ರಾತ್ರಿ ನೆನೆಹಾಕಿ ತೊಳೆದು ರುಬ್ತಾರೆ

ಹುಬ್ಬಳ್ಳಿ ಅತ್ತೆ: ಗೋವಿನ ಜ್ವಾಳಕ್ಕ ಸುಣ್ಣಾ? ಎಲಿ ಅಡಿಕಿ ಅಲ್ಲಲ್ಲೋ ಅದು

ಹೆಬ್ಬಾಳ ಚಿಕ್ಕಪ್ಪ: ಅದು ಸರಿಯಾದ ಕ್ರಮ ಕಣಕ್ಕ. ಸುಣ್ಣ ಹಾಕಿದ್ರೆ ಸಿಪ್ಪೆ ಬಿಡುತ್ತೆ, ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುತ್ತೆ. ಯುರೋಪಿನವರು ಜೋಳ ಮಾತ್ರ ತಗೊಂಡು ಹೋದ್ರು, ಸುಣ್ಣ ಬಿಟ್ಟು ಹೋದ್ರು, ಆಮೇಲೆ ಜೋಳಾನೇ ತಿಂದು ಬದುಕ್ತಿದ್ದ ಬಡವರಿಗೆ ಪೆಲಾಗ್ರ ಅಂತ ಚರ್ಮದ ಕಾಯಿಲೆ ಬಂತು. ಇಲಾಖೇಲಿದ್ದಾಗ ನಾನೇ ಟ್ರೈನಿಂಗ್‌ನಲ್ಲಿ ಹೇಳ್ತಿದ್ದೆ.

ಮೈಸೂರು ದೊಡ್ಡಪ್ಪ: ಇಲ್ಲಿ ಹುಡುಗಿ ವಿಷಯ ನಡೀತಿದೆ, ಕೃಷಿ ಮೇಳ ಅಲ್ಲ.

ಹೆಬ್ಬಾಳ ಚಿಕ್ಕಪ್ಪ: ಅಣ್ಣ, ಮೆಕ್ಸಿಕೋ ಅಂದ್ರೆ ಬರೀ ಗನ್ನು ಅಂತ ಯಾಕೆ ತಿಳ್ಕೋತೀರ. ವಾರ್ಧಾ ಕಡೆಯ ಪಾಂಡುರಂಗ ಖಾನ್‌ಖೋಜೆ ಅಂತ, ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಪಾರ್ಟಿಯವರು, ಬ್ರಿಟಿಷರ ಕಣ್ಣು ತಪ್ಪಿಸ್ಕೊಂಡು ದೇಶ ದೇಶ ಸುತ್ತಿ 1924ರಲ್ಲಿ ಮೆಕ್ಸಿಕೋ ಸೇರಿದ್ರು, ಚಾಪಿಂಗೋ ಕೃಷಿ ಶಾಲೇಲಿ ಮೇಷ್ಟ್ರಾದ್ರು. ಜೋಳದ ತಳಿ ಮಾಡಿದ್ರು, ರೈತರಿಗೆ ಅಂತ ಪುಕ್ಕಟೆ ಶಾಲೆಗಳು ತೆರೆದ್ರು. ದಿಯೇಗೊ ರಿವೇರಾ ಅನ್ನೋ ಅಲ್ಲಿನ ದೊಡ್ಡ ಚಿತ್ರಕಾರ ಖಾನ್‌ಖೋಜೆಯವರ ಚಿತ್ರಾನ ಗೋಡೆ ಮೇಲೆ ಬರೆದಿದಾನೆ. ನಮ್ಮ ಹುಡುಗಿ ಮೊದಲ್ನೆಯವಳೇನಲ್ಲ.

ಮೈಸೂರು ದೊಡ್ಡಪ್ಪ: ಅವರು ಗಂಡಸು, ಕ್ರಾಂತಿಕಾರಿ.

ನಾನು: ಹೆಂಗಸೂ ಇದಾರೆ ದೊಡ್ಡಪ್ಪ! ಪ್ವೆಬ್ಲಾದಲ್ಲೇ! ಕತರೀನಾ ದೆ ಸಾನ್ ಹ್ವಾನ್ ಅಂತ, 1600ರ ದಶಕಗಳಲ್ಲೇ ಇಂಡಿಯಾದಿಂದ ಹೋದ ಹುಡುಗಿ, ಮಿರ್ರಾ ಅಂತಿತ್ತಂತೆ ಹೆಸ್ರು, ಅಲ್ಲಿನ ಜನ ಸಂತಳ ಥರ ನೋಡ್ತಿದ್ರು, 1688ರಲ್ಲಿ ತೀರ್ಕೊಂಡ್ರು, ಅಲ್ಲೇ ಚರ್ಚ್‌ನಲ್ಲಿ ಸಮಾಧಿ. ಪಲ್ಲು ಹೋಗಿ ಫೋಟೋ ತೆಗ್ದಿದಾಳೆ

ಹೆಬ್ಬಾಳ ಚಿಕ್ಕಪ್ಪ: ಕಿರಣ, ಅವಳನ್ನ ಕಡಲ್ಗಳ್ಳರು ಹಿಡ್ಕೊಂಡು ಹೋಗಿ ಮನೀಲಾದಲ್ಲಿ ಮಾರಿದ್ದು ಕಣೋ.

ಮೈಸೂರು ದೊಡ್ಡಪ್ಪ: ಇದು ನಿನ್ನ ಉದಾಹರಣೆ??? ಭೇಷ್.

(ಇಲ್ಲಿ ನಾನು ಹತ್ತು ನಿಮಿಷ ಫೋನ್ ಕೆಳಗಿಟ್ಟೆ. ಗೆಲ್ತಿದ್ದ ಮ್ಯಾಚಲ್ಲಿ ನಾನೇ ಹಿಟ್ ವಿಕೆಟ್.)

ರೂಪಾ ಚಿಕ್ಕಮ್ಮ: ಗೀತಕ್ಕ ಎಲ್ಲಿ, ಓದಿದಾರಾ ಇದನ್ನ

(ಗೀತಕ್ಕ ಅಂದ್ರೆ ಪಲ್ಲವಿ ಅಮ್ಮ, ನಂಗೆ ಗೀತಾ ದೊಡ್ಡಮ್ಮ.)

ಹುಬ್ಬಳ್ಳಿ ಅತ್ತೆ: ವೈನಿ ಆಗಲೇ ಓದ್ಯಾರ, ನಾ ನೋಡೇನಿ. ಸುಮ್ನದಾರ.

ಮೈಸೂರು ದೊಡ್ಡಪ್ಪ: ಗೀತಾ, ನೋಡಮ್ಮ, ನಾನು ಹೇಳೋದು ಇಷ್ಟೇ. ವಾಪಸ್ ಕರೆಸ್ಕೋ. ಇಂಗ್ಲಿಷ್ ಟೀಚರ್ ಕೆಲಸ ಮೈಸೂರಲ್ಲಿಲ್ವಾ? ನಮ್ಮ ಬೀದೀಲೇ ಎರಡು ಸ್ಕೂಲಿವೆ. ರಸ್ತೆ ಬಂದ್ ಮಾಡೋರ ಮಧ್ಯೆ ಯಾರದ್ದೋ ಕೋಳಿ ಹಿಡ್ಕೊಂಡು ನಡೆಯೋದು ಒಂದು ಉದ್ಯೋಗಾನಾ?

ನಾನು: ದೊಡ್ಡಪ್ಪ, ಕಾವೇರಿ ಗಲಾಟೆಲಿ ಮಂಡ್ಯದಲ್ಲಿ ನೀವೇ ಬಸ್ ಇಳಿದು ನಡೆದಿದ್ರಿ, ಪ್ರತಿ ಮದುವೆಲೂ ಆ ಕಥೆ ಹೇಳ್ತೀರ

ಹುಬ್ಬಳ್ಳಿ ಅತ್ತೆ: 😂😂

ಮೈಸೂರು ದೊಡ್ಡಪ್ಪ: ನನ್ನ ಕೈಲಿ ಕೋಳಿ ಇರ್ಲಿಲ್ಲ.

ಗೀತಾ ದೊಡ್ಡಮ್ಮ: ಭಾವ, ಕೋಳಿ ಇರ್ಲಿ, ಬಸ್ಸೂ ಇರ್ಲಿ. ಬೆಳಗಿನ ಬಸ್ಸು ಅಂದಿದ್ಲು ನಂಗೆ. ಜೊತೆಗೆ ಮೂರು ಜನ ಟೀಚರ್ಸ್ ಅಂತ ಹೆಸರೂ ಹೇಳಿದ್ಲು. ಆ ಮೂರು ಹೆಸರು ನಾನು ಡೈರೀಲಿ ಬರ್ಕೊಂಡಿದೀನಿ.

ಆಮೇಲೆ ಗುಂಪಲ್ಲಿ ಕಾಲು ಗಂಟೆ ಯಾರೂ ಏನೂ ಹಾಕ್ಲಿಲ್ಲ. ಏಳು ಮುಕ್ಕಾಲಿಗೆ, ಅಲ್ಲಿ ಬೆಳಿಗ್ಗೆ ಎಂಟೂಕಾಲು, ಪಲ್ಲವಿ ಟೈಪಿಂಗ್ ಅಂತ ಬಂತು, ಹೋಯ್ತು, ಮತ್ತೆ ಬಂತು.

ಪಲ್ಲವಿ: ಕಿರಣ ನಿನ್ನ ಆಮೇಲೆ ನೋಡ್ಕೋತೀನಿ

ಪಲ್ಲವಿ: ಅಮ್ಮ ಸಾರಿ. ಸ್ಟಾಫ್ ರೂಮಲ್ಲಿದೀನಿ, ಬೇಗ ಬೇಗ ಬರೀತೀನಿ. ದೊಡ್ಡಪ್ಪ, ನೀವು ಹೇಳೋದು ಎಲ್ಲ ಸುಳ್ಳಲ್ಲ, ಈ ಕಡೆ ಹೈವೇಲಿ ಲಾರಿ ದರೋಡೆ ಆಗುತ್ತೆ, ಸ್ಟಾಫ್‌ನವರೇ ಕತ್ತಲಾದ್ಮೇಲೆ ಕಾರ್ ತೆಗೆಯಲ್ಲ. ರಾತ್ರಿ ಬಸ್ಸು ನನ್ನ ತಪ್ಪು. ಆದ್ರೆ ಒಬ್ಳೇ ಹೋಗಿದ್ದು ತಪ್ಪಲ್ಲ. ನಾನು ಊಟಕ್ಕೆ ಒಬ್ಳೇ ಕೂತಿದ್ರೆ ದಾಟಿ ಹೋಗೋ ಅಪರಿಚಿತರೆಲ್ಲ 'ಪ್ರೊವೆಚೊ' ಅಂತಾರೆ, ಚೆನ್ನಾಗಿ ಉಂಡ್ಕೋ ಅಂತ. ಸೆಪ್ಟೆಂಬರ್ 19ಕ್ಕೆ ಇಡೀ ದೇಶಕ್ಕೆ ಭೂಕಂಪದ ಡ್ರಿಲ್ ಇರುತ್ತೆ, 1985ರಲ್ಲಿ ಆ ದಿನಾನೇ ಆಗಿತ್ತು. 2017ರಲ್ಲಿ ಬೆಳಿಗ್ಗೆ ಡ್ರಿಲ್ ಮುಗಿಸಿ ಎರಡು ಗಂಟೆ ಕಳೆದ ಮೇಲೆ ನಿಜವಾಗ್ಲೂ ಆಯ್ತಂತೆ, 7.1 ತೀವ್ರತೆ. ನಾನು ಬಂದ ಮುಂದಿನ ತಿಂಗಳೇ ಆ ಡ್ರಿಲ್, ಸೈರನ್ ಆದಾಗ ಕೈ ನಡುಗ್ತಿತ್ತು, ಹನ್ನೆರಡು ವರ್ಷದ ಹುಡುಗ ನನ್ನ ಕೈ ಹಿಡ್ಕೊಂಡು ಮೈದಾನಕ್ಕೆ ಕರ್ಕೊಂಡು ಹೋದ, 'ಮಿಸ್, ಓಡ್ಬಾರ್ದು, ತಳ್ಬಾರ್ದು, ಕಿರುಚ್ಬಾರ್ದು' ಅಂತ ನಂಗೇ ಪಾಠ.

ಮೈಸೂರು ದೊಡ್ಡಪ್ಪ: ಭೂಕಂಪ ಬೇರೆ ಇದ್ಯಾ.

ಪಲ್ಲವಿ: 🙈

ಹುಬ್ಬಳ್ಳಿ ಅತ್ತೆ: ಪಲ್ಲೂ, ತಮಾಲು ಬಿಡ, ಕುಡ್ಯಾಕ ಏನ ಸಿಗ್ತೈತಿ ಅಲ್ಲೆ

ಪಲ್ಲವಿ: ಅತ್ತೆ ಕೆಂಪು ಶರಬತ್ತು, ಆಗ್ವಾ ದೆ ಹಮೈಕಾ, ಅದು ನಿಮ್ಮ ಪುಂಡಿಪಲ್ಯದ ಜಾತಿ ಗಿಡದ ಕಾಯಿ ಸಿಪ್ಪೆದು! ಹುಣಸೇಹಣ್ಣಿನ ಶರಬತ್ತೂ ಸಿಗುತ್ತೆ

ಹುಬ್ಬಳ್ಳಿ ಅತ್ತೆ: ಪುಂಡಿ ಐತಂದ್ರ ಮುಗೀತ ಬಿಡ, ಇರು ಅಲ್ಲೇ

ಮೈಸೂರು ದೊಡ್ಡಪ್ಪ: ಪುಂಡಿ ಸಿಕ್ಕಿದ್ರೆ ಎಲ್ಲ ಸರಿಹೋಯ್ತಾ?

ಪಲ್ಲವಿ: ಅಮ್ಮ? ಏನಾದ್ರೂ ಹೇಳು

ಗೀತಾ ದೊಡ್ಡಮ್ಮ: ಏನ್ ಹೇಳ್ಲಿ. ಇವತ್ತು ಮಾಸ್ಕ್ ಹಾಕ್ಕೊಂಡು ಹೊರಗೆ ಹೋಗು. ಹೊಗೆ ಜಾಸ್ತಿ ಇದೆ.

ಪಲ್ಲವಿ: ಯಾವ ಹೊಗೆ

ಗೀತಾ ದೊಡ್ಡಮ್ಮ: ನಿನ್ನ ಪೊಪೊಕಾಟೆಪೆಟ್ಲ್‌ದು. ಆಲ್ಟ್ಸೊಮೊನಿ ಕ್ಯಾಮೆರಾದಲ್ಲಿ ಎಡಕ್ಕೆ ಹೋಗ್ತಿದೆ.

ರೂಪಾ ಚಿಕ್ಕಮ್ಮ: ಏನದು ಗೀತಕ್ಕ

ಗೀತಾ ದೊಡ್ಡಮ್ಮ: ಅವಳ ಊರಿನ ಹತ್ರ ಇರೋ ಜ್ವಾಲಾಮುಖಿ. ಯೂಟ್ಯೂಬಲ್ಲಿ ದಿನಪೂರ್ತಿ ಲೈವ್ ಬರುತ್ತೆ. 2023 ಮೇನಲ್ಲಿ ಬೂದಿ ಬಿದ್ದು ಅವಳ ಊರಿನ ಏರ್‌ಪೋರ್ಟ್ ಮುಚ್ಚಿದ್ರು, ಎಚ್ಚರಿಕೆ ಹಳದಿ ಮೂರನೇ ಹಂತ ಅಂದ್ರು. ಅದು ಓದಿದಾಗಿಂದ ದಿನಾ ಎರಡು ಸಲ ನೋಡ್ತೀನಿ.

ಪಲ್ಲವಿ: ಅಮ್ಮಾ... ಇಲ್ಲಿ ಅದಕ್ಕೆ ದೋನ್ ಗೋಯೊ ಅಂತಾರೆ, ಮನೆ ಯಜಮಾನ್ರನ್ನ ಕರೆದ ಹಾಗೆ. ಎಡಕ್ಕೆ ಹೋದ್ರೆ ಏನೂ ಆಗಲ್ಲ ಬಿಡು, ಈ ಊರು ಬಲಕ್ಕಿರ್ಬೇಕು

ಗೀತಾ ದೊಡ್ಡಮ್ಮ: ಆ ಕ್ಯಾಮೆರಾ ಇರೋದು ಬೆಟ್ಟದ ಉತ್ತರಕ್ಕೆ. ಅಲ್ಲಿಂದ ಎಡ ಅಂದ್ರೆ ಪೂರ್ವ. ಪೂರ್ವ ಅಂದ್ರೆ ನೀನು.

ಪಲ್ಲವಿ: ...

ಪಲ್ಲವಿ: ಕಿಟಕಿ ಹತ್ರ ಹೋಗಿ ನೋಡ್ದೆ. ಹೌದು, ಈ ಕಡೆಗೇ ಬರ್ತಿದೆ

ಗೀತಾ ದೊಡ್ಡಮ್ಮ: ಮಾಸ್ಕು ಸೂಟ್‌ಕೇಸಿನ ಸೈಡ್ ಜಿಪ್ಪಲ್ಲಿದೆ, ನಾನೇ ಇಟ್ಟಿದ್ದು. ಆ ಮೂರು ಜನದ ಹೆಸರು ನಿಜವಾಗ್ಲೂ ಇರೋರದ್ದಾ?