ಅಪ್‌ಡೇಟ್: ಭ್ರೂಣ ವರ್ಗಾವಣೆ ಮತ್ತೆ ಮತ್ತೆ ವಿಫಲ, ಮುಂದೇನು ಎಂದು ಕೇಳಿದ್ದೆ

ಐವಿಎಫ್ ಚಿಕಿತ್ಸೆಯಲ್ಲಿ, ಶೈತ್ಯೀಕರಿಸಿಟ್ಟ ಭ್ರೂಣಗಳನ್ನು ಗರ್ಭಕೋಶಕ್ಕೆ ಸೇರಿಸುವ ವರ್ಗಾವಣೆ ಸತತವಾಗಿ ಕೈಕೊಟ್ಟ ಮೇಲೆ, ಉಳಿದವನ್ನು ಈಗಲೇ ಬಳಸುವುದೋ, ಮೊದಲು ಪರೀಕ್ಷೆ ಮಾಡಿಸುವುದೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಕೆಲಸಕ್ಕೆ ಬಂದದ್ದು, ಹಿಸ್ಟರೋಸ್ಕೋಪಿಯ (ಸಣ್ಣ ಕ್ಯಾಮೆರಾದಿಂದ ಗರ್ಭಕೋಶದ ಒಳಗೆ ನೋಡುವುದು) ಜೊತೆಗೆ ಗರ್ಭಕೋಶದ ಒಳಪದರದ ಬಯಾಪ್ಸಿಯನ್ನೂ ಮಾಡಿಸಿ ಎಂಬ ಸಲಹೆ. ವರದಿಯಲ್ಲಿ ಪ್ಲಾಸ್ಮಾ ಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶಗಳು) ಕಂಡವು: ದೀರ್ಘಕಾಲದ ಎಂಡೊಮೆಟ್ರೈಟಿಸ್, ಅಂದರೆ ಒಳಪದರದ ಉರಿಯೂತ. ನನಗೆ ನೋವಿರಲಿಲ್ಲ, ಜ್ವರವಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪದರ ಪ್ರತಿ ಸಲವೂ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಬೆರಗಾದದ್ದು ಇದಕ್ಕೇ. ಎರಡು ವಾರ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಹೊಟ್ಟೆ ತೊಳಸುತ್ತದೆ, ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ. ಮರು ಬಯಾಪ್ಸಿಯಲ್ಲಿ ಉರಿಯೂತ ಕಾಣಲಿಲ್ಲ.

ಹಲವರು ಹೇಳಿದ್ದ ಇಆರ್‌ಎ ಪರೀಕ್ಷೆಯನ್ನು (ಒಳಪದರ ಭ್ರೂಣವನ್ನು ಸ್ವೀಕರಿಸಲು ಯಾವಾಗ ಸಿದ್ಧವೆಂದು ನೋಡುವುದು) ಕೈಬಿಟ್ಟೆವು. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಅದರಂತೆ ವರ್ಗಾವಣೆಯ ಸಮಯ ಹೊಂದಿಸಿದರೂ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ ಎಂದು ವೈದ್ಯೆ ವಿವರಿಸಿದರು. ಇಂಟ್ರಾಲಿಪಿಡ್ ಡ್ರಿಪ್‌ಗೂ (ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ದ್ರಾವಣ) ಅವರು ಒಪ್ಪಲಿಲ್ಲ.

ಈ ಸಲ ಹಾರ್ಮೋನ್ ಮಾತ್ರೆಗಳಿಂದ ಪದರ ಬೆಳೆಸುವ ಬದಲು ಸಹಜ ಋತುಚಕ್ರದಲ್ಲೇ ವರ್ಗಾವಣೆ ಮಾಡಿದರು. ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆ, ಬೀಟಾ ಎಚ್‌ಸಿಜಿ, ಪಾಸಿಟಿವ್ ಬಂದಿದೆ, 48 ಗಂಟೆಗಳ ನಂತರದ ಅಂಕಿಯೂ ಚೆನ್ನಾಗಿ ಏರಿದೆ! ಹೃದಯಬಡಿತದ ಸ್ಕ್ಯಾನ್ ಇನ್ನೂ ಆಗಬೇಕು. ಫಲ ಕೊಟ್ಟದ್ದು ಔಷಧಿಯೋ, ಬದಲಾದ ಚಕ್ರವೋ, ಆ ಭ್ರೂಣವೇ ಗಟ್ಟಿಯೋ, ಬೇರ್ಪಡಿಸಿ ಹೇಳಲಾಗದು.

ಬಯಾಪ್ಸಿ ಮಾಡಿಸುವವರು ಚೀಟಿಯಲ್ಲಿ ಸಿಡಿ138 (ಪ್ಲಾಸ್ಮಾ ಕೋಶಗಳನ್ನು ಬಣ್ಣದಿಂದ ಗುರುತಿಸುವ ವಿಶೇಷ ಪರೀಕ್ಷೆ) ಎಂದು ತಪ್ಪದೇ ಬರೆಸಿಕೊಳ್ಳಿ. ಸಾಮಾನ್ಯ ಪರೀಕ್ಷೆಯಲ್ಲಿ ಪ್ಲಾಸ್ಮಾ ಕೋಶಗಳು ಸುಲಭವಾಗಿ ಕಣ್ತಪ್ಪುತ್ತವೆ.