ಸಹಾಯ ಬೇಕು: ತಂಗಿಯ ಎದೆಯ ಗಂಟು, ಅಮ್ಮನ ಬಿಆರ್‌ಸಿಎ1

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 31 ವರ್ಷ. ಕಳೆದ ವಾರ ಅವಳ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅಲ್ಟ್ರಾಸೌಂಡ್ ಪರದೆಯಲ್ಲಿ ನಾನೂ ನೋಡಿದೆ. ದ್ರಾಕ್ಷಿಯ ಹಾಗೆ ದುಂಡಗೆ ಕಪ್ಪಗೆ ಇತ್ತು, ಅಂಚು ನುಣುಪು. "ಫೈಬ್ರೋಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು) ಇರಬೇಕು, ಆರು ತಿಂಗಳು ಬಿಟ್ಟು ನೋಡೋಣ" ಅಂದರು ಡಾಕ್ಟರ್. ಅಮ್ಮನಿಗೆ 38ಕ್ಕೇ ಸ್ತನ ಕ್ಯಾನ್ಸರ್ ಆಗಿತ್ತು, ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿದೆ (ಈ ದೋಷ ಇದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚು, ಮಕ್ಕಳಿಗೂ ಬರಬಹುದು). ಅದನ್ನು ಅವರು ಕೇಳಲಿಲ್ಲ, ಗಾಬರಿಯಲ್ಲಿ ನಾವೂ ಹೇಳಲಿಲ್ಲ.

ಮನೆಗೆ ಬಂದು ಓದಿದ ಮೇಲೆ ನಿದ್ದೆ ಹೋಯಿತು. ಕ್ಯಾನ್ಸರ್ ಗಂಟಿಗೆ ಸಾಮಾನ್ಯವಾಗಿ ಮುಳ್ಳುಮುಳ್ಳಾದ ಅಂಚು ಇರುತ್ತದೆ, ಅಲ್ವಾ? ಆದರೆ ಬಿಆರ್‌ಸಿಎ1 ದೋಷ ಇರುವವರಲ್ಲಿ ಅದು ಎಷ್ಟೋ ಸಲ ದುಂಡಗೆ, ನುಣುಪಾಗಿ, ಅಪಾಯವಿಲ್ಲದ ಗಂಟಿನ ಹಾಗೇ ಕಾಣುತ್ತದೆ. ಸುತ್ತಲಿನ ಭಾಗವನ್ನು ಒತ್ತಿಕೊಂಡು ಬೇಗ ಬೆಳೆಯುತ್ತದೆ. ಮ್ಯಾಮೋಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಕ್ಯಾನ್ಸರ್ ಸುಳಿವು ಕೊಡುವ ಸುಣ್ಣದ ಚುಕ್ಕೆಗಳೂ ಕಡಿಮೆ. ಇಂಥವುಗಳಲ್ಲಿ ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಒಂದು ಬಗೆಯ ಕ್ಯಾನ್ಸರ್) ಜಾಸ್ತಿ. ಬಿಆರ್‌ಸಿಎ2 ಅನ್ನೋ ಇನ್ನೊಂದು ಜೀನ್‌ನ ದೋಷ ಇರುವವರ ಗಂಟುಗಳು ಮಾತ್ರ ಹೆಚ್ಚಾಗಿ ಮಾಮೂಲಿ ಕ್ಯಾನ್ಸರ್ ಥರವೇ ಇರುತ್ತವೆ. ಚಿಕ್ಕ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಂನಲ್ಲಿ ಗಂಟು ಮರೆಯಾಗಬಹುದು, ಎಂಆರ್‌ಐ ಚೆನ್ನಾಗಿ ಹಿಡಿಯುತ್ತದೆ.

ತಂಗಿಗೆ ಆ ದೋಷ ಬಂದಿರುವ ಸಾಧ್ಯತೆ 50%. ಅವಳು ಇನ್ನೂ ಪರೀಕ್ಷೆ ಮಾಡಿಸಿಲ್ಲ.

ಇಲ್ಲಿ ರೇಡಿಯಾಲಜಿ ಬಲ್ಲವರು ಇದ್ದರೆ ದಯವಿಟ್ಟು ಹೇಳಿ. ಆರು ತಿಂಗಳು ಕಾಯದೆ ಈಗಲೇ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಕೇಳುವುದು ಸರಿ ತಾನೇ? ಎಂಆರ್‌ಐ ಅದಕ್ಕಿಂತ ಮೊದಲು ಬೇಕಾ? ಅಮ್ಮನ ಜೀನ್ ರಿಪೋರ್ಟ್ ಜೊತೆ ಇನ್ನೇನು ಒಯ್ಯಬೇಕು? ಇದನ್ನು ದಾಟಿ ಬಂದ ಅಕ್ಕ-ತಂಗಿಯರು ಇದ್ದರೆ, ಜೀನ್ ಪರೀಕ್ಷೆಗೆ ಮನೆಯವರನ್ನು ಹೇಗೆ ಒಪ್ಪಿಸಿದಿರಿ ಅಂತಲೂ ಬರೆಯಿರಿ. ಸೋಮವಾರ ಮತ್ತೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.