‘ಓದಿದ್ರೆ ಏನು ಕೊಡ್ತೀಯ?’ ಎನ್ನುವ ಮಗಳು: ಓದುಗರ ಸ್ಪಂದನ

ಓದು ಇಷ್ಟಪಡುತ್ತಿದ್ದ ಮಗಳಿಗೆ ಪುಸ್ತಕ ಮುಗಿಸಿದರೆ ಬಹುಮಾನ ಅಂತ ಹೇಳಿದ್ದೆ, ಈಗ ಪ್ರತಿ ಸಲ ‘ಓದಿದ್ರೆ ಏನು ಕೊಡ್ತೀಯ?’ ಅಂತಾಳೆ, ಏನು ಮಾಡಲಿ ಎಂದು ಪೋಷಕರೊಬ್ಬರು ಕೇಳಿದ್ದರು. ಅವರಿಗೆ ಓದುಗರು ಬರೆದ ಉತ್ತರಗಳು ಇಲ್ಲಿವೆ.

ನಿಮ್ಮ ಮಗಳಿಗೆ ದುರಾಸೆ ಅನ್ನೋ ಯೋಚನೆ ಮೊದಲು ಬಿಡಿ. ಪುಸ್ತಕ ಮುಗಿಸಿದರೆ ಬಹುಮಾನ ಅಂತ ಒಪ್ಪಂದ ಶುರು ಮಾಡಿದವರು ನೀವು, ಅವಳು ಲೆಕ್ಕ ಕೇಳುತ್ತಿದ್ದಾಳೆ ಅಷ್ಟೇ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸೋದು ಇಷ್ಟವಿದ್ದ ಪುಟ್ಟ ಮಕ್ಕಳನ್ನೇ ಆರಿಸಿ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು, ಕೆಲವರಿಗೆ ಏನೂ ಹೇಳದೆ ಕೊನೆಗೆ ಅದನ್ನೇ ಕೊಟ್ಟರು, ಉಳಿದವರಿಗೆ ಏನೂ ಇಲ್ಲ. ಆಮೇಲೆ ಒಂದೆರಡು ವಾರ ಬಿಟ್ಟು ಸುಮ್ನೆ ಆಟದ ಹೊತ್ತಲ್ಲಿ ಗಮನಿಸಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಬೇರೆಯವರಿಗಿಂತ ಅರ್ಧದಷ್ಟಿತ್ತು. ಅಚಾನಕ್ಕಾಗಿ ಸರ್ಟಿಫಿಕೇಟ್ ಸಿಕ್ಕವರ ಆಸಕ್ತಿ ಕುಗ್ಗಿರಲಿಲ್ಲ. ಹಾಗಾಗಿ ಯಾವತ್ತೋ ಒಂದು ದಿನ ಖುಷಿಗೆ ಏನಾದರೂ ತಂದುಕೊಡಿ, ತೊಂದರೆಯಿಲ್ಲ. ಓದೋಕೆ ಮುಂಚೆ ಮಾತ್ರ ಆಸೆ ತೋರಿಸಬೇಡಿ.
– ಇಬ್ಬರು ಮಕ್ಕಳ ತಾಯಿ

ಬಹುಮಾನವೇ ಕೆಟ್ಟದ್ದು ಅಂದರೆ ನಾನು ಒಪ್ಪಲ್ಲ. ನನ್ನ ಮಗನಿಗೆ ಮಗ್ಗಿ ಅಂದರೆ ಆಗುತ್ತಿರಲಿಲ್ಲ, ಸ್ಟಿಕ್ಕರ್ ಆಸೆಗೆ ಕಲಿತ. ಇಷ್ಟವೇ ಇಲ್ಲದ ಕೆಲಸದಲ್ಲಿ ಕಳೆದುಕೊಳ್ಳೋಕೆ ಏನಿರುತ್ತೆ ಹೇಳಿ? ನಿಮ್ಮ ಮಗಳಿಗೆ ಓದು ಮೊದಲೇ ಇಷ್ಟವಿತ್ತು, ಅಲ್ಲೇ ಎಡವಟ್ಟಾಗಿದ್ದು.
– ಒಬ್ಬ ಅಪ್ಪ

ಬಹುಮಾನ ನಿಲ್ಲಿಸಿ ಅದರ ಜಾಗಕ್ಕೆ ಹೊಗಳಿಕೆ ತರೋರು ಜಾಸ್ತಿ. ಅದರಲ್ಲೂ ಸ್ವಲ್ಪ ಹುಷಾರಾಗಿರಬೇಕು. 1998ರಲ್ಲಿ ಮ್ಯುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ‘ನೀನು ಜಾಣ’ ಅನ್ನಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು, ‘ಚೆನ್ನಾಗಿ ಪ್ರಯತ್ನಪಟ್ಟೆ’ ಅನ್ನಿಸಿಕೊಂಡವರು ಪಟ್ಟು ಬಿಡಲಿಲ್ಲ. ಕ್ಲಾಸಿನಲ್ಲಿ ನಾನೂ ಇದನ್ನು ನೋಡುತ್ತಿರುತ್ತೇನೆ. ಹೊಗಳಿಸಿಕೊಂಡು ಅಭ್ಯಾಸವಾದ ಮಗು ಒಂದು ಸಾಲು ಬರೆದು ನನ್ನ ಮುಖ ನೋಡುತ್ತೆ, ಮತ್ತೊಂದು ಸಾಲು, ಮತ್ತೆ ಮುಖ. ನೀವು ಸುಮ್ನೆ ಮಗಳು ಓದುತ್ತಿರೋ ಪುಸ್ತಕವನ್ನೇ ಓದಿ, ‘ಕಥೆಯಲ್ಲಿ ಆ ಹುಡುಗ ಸುಳ್ಳು ಹೇಳಿದ್ದು ಸರೀನಾ?’ ಅಂತ ಜಗಳಕ್ಕಿಳಿಯಿರಿ. ಮಕ್ಕಳಿಗೆ ದೊಡ್ಡವರ ಜೊತೆ ವಾದ ಮಾಡೋದು ಅಂದರೆ ಬಹಳ ಇಷ್ಟ. ಬಹುಮಾನ ನಿಂತ ಮೇಲೆ ಮಗಳು ಕೆಲವು ವಾರ ಪುಸ್ತಕ ಮುಟ್ಟದೆಯೂ ಇರಬಹುದು, ಆಗ ಗಾಬರಿಯಾಗಿ ಮತ್ತೆ ಬಹುಮಾನಕ್ಕೆ ಮರಳಬೇಡಿ.
– ಶಿಕ್ಷಕಿ

ಎಲ್ಲಾ ಸರಿ, ಈಗಾಗಲೇ ಓದಿ ಮುಗಿಸಿದ ಪುಸ್ತಕಗಳ ಬಾಕಿ ಮಾತ್ರ ಕೊಟ್ಟುಬಿಡಿ. ಮಾತು ಕೊಟ್ಟಿದ್ದೀರಿ ಅಲ್ವಾ?
– ಹಿರಿಯ ಓದುಗರು